ಫ್ಲಾಪಿ ಕವರಿನ ಲಾಳದ ಚಿತ್ರ

೧೯೮೮ನೇ ಇಸವಿ. ದೀಪಾವಳಿ ಹತ್ತಿರ ಬಂದಿತ್ತು. ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ನನ್ನಂಥ ಹೊಲಿಗೆಯವರಿಗೆ ತಲೆ ಎತ್ತಲು ಪುರುಸೊತ್ತು ಸಿಗುವುದಿಲ್ಲ. ದಾವಣಗೆರೆಯಲ್ಲಿ ನಮ್ಮದು ಸಣ್ಣ ಬಾಡಿಗೆ ಮನೆ. ಪಡಸಾಲೆಯೇ ನನ್ನ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಮಿಷಿನ್ನು, ಅದಕ್ಕೆ ಹೊಂದಿಕೊಂಡು ಬಟ್ಟೆ ಕತ್ತರಿಸುವ ಮೇಜು, ಗೋಡೆಯ ಮೇಲೆ ಒಂದು ಹಲಗೆ. ಮನೆಯಲ್ಲಿ ಅವ್ವ, ನಾನು, ನನ್ನ ತಮ್ಮ ಶಿವು. ನಾನು ಓದಿದ್ದು ಆರನೇ ಕ್ಲಾಸು. ಯಾರೂ ಬಿಡಿಸಲಿಲ್ಲ, ಲೆಕ್ಕ ತಲೆಗೆ ಹತ್ತದೆ ನಾನೇ ಬಿಟ್ಟೆ. ಈ ಬರಹದಲ್ಲಿನ ಅಕ್ಷರದ ತಪ್ಪುಗಳನ್ನು ಪಕ್ಕದ ಮನೆಯ ಟೀಚರ್ ತಿದ್ದಿಕೊಟ್ಟಿದ್ದಾರೆ. ಉಳಿದ ತಪ್ಪು ನನ್ನದು.

ಶಿವು ಡಿಪ್ಲೊಮಾ ಮುಗಿಸಿ ಹರಿಹರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುವನು. ಅವನು ಸೇರುವ ಸ್ವಲ್ಪ ಮೊದಲು ಆ ಆಫೀಸಿಗೆ ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ತಂಪು ಕೋಣೆ. ಮ್ಯಾನೇಜರ್ ಕೂಡ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಹಾಲಪ್ಪ ಎಂಬ ಗುಮಾಸ್ತರು ಅದರಲ್ಲಿ ಕೂಲಿಯವರ ಪಗಾರದ ಲೆಕ್ಕವನ್ನೂ ಪತ್ರಗಳನ್ನೂ ಮಾಡುತ್ತಿದ್ದರು. ಈಗ ಸಾಮಾನು ಉಗ್ರಾಣದ ಲೆಕ್ಕವೂ ಅದರಲ್ಲೇ ಆಗಬೇಕೆಂದು ಮ್ಯಾನೇಜರ್ ಹೇಳಿದರು. ಆದರೆ ಉಗ್ರಾಣದ ಲೆಕ್ಕಕ್ಕೆ ಬೇಕಾದದ್ದು ಬೇರೆ ಆಪರೇಟಿಂಗ್ ಸಿಸ್ಟಮ್ ಅಂತೆ. ಹೊಸ ಕಂಪ್ಯೂಟರ್ ತರಿಸುವುದಿಲ್ಲ, ಇದೊಂದರಲ್ಲೇ ಎರಡೂ ನಡೆಯುವಂತೆ ಮಾಡಿಕೊಡು, ಮಾಡಿದರೆ ಕಾಯಂ ಮಾಡಿಕೊಳ್ಳುತ್ತೇವೆ ಎಂದು ಶಿವುಗೆ ಮಾತು ಕೊಟ್ಟರು.

ಅವತ್ತು ಅವನು ಊಟಕ್ಕೆ ಕೂತವನೇ ಇದನ್ನೆಲ್ಲ ಹೇಳಿದ. ನನಗೆ ತಲೆ ಬುಡ ತಿಳಿಯಲಿಲ್ಲ.

"ಅಕ್ಕಾ, ನಿನಗೆ ತಿಳಿಯಂಗೆ ಹೇಳ್ತೀನಿ ಕೇಳು," ಅಂದ. "ಒಂದು ಮನೆ ಐತೆ ಅಂತ ತಿಳ್ಕೊ. ಅದರಾಗೆ ಈಗ ಒಬ್ಬನೇ ಬಾಡಿಗೆದಾರ. ಡಾಸ್ ಅಂತ ಅವನ ಹೆಸರು. ಮನೆ ತುಂಬಾ ಅವನೇ ಹರವಿಕೊಂಡು ಕುಂತಾನೆ. ಈಗ ನಡುವೆ ಗೋಡೆ ಎಬ್ಬಿಸಿ, ಯುನಿಕ್ಸ್ ಅಂತ ಇನ್ನೊಬ್ಬನ್ನ ತಂದು ಇಡಬೇಕು."

"ಇಬ್ಬರಿಗೂ ಜಗಳ ಬರಲ್ಲೇನೋ?" ಅಂದಳು ಅವ್ವ ರೊಟ್ಟಿ ತಟ್ಟುತ್ತಾ.

"ಬರಲ್ಲವ್ವಾ. ಒಬ್ಬ ಎದ್ದಾಗ ಇನ್ನೊಬ್ಬ ಮಲಗಿರ್ತಾನೆ. ಮಿಷಿನ್ ಚಾಲು ಮಾಡುವಾಗ ಯಾರು ಏಳಬೇಕು ಅಂತ ನಾವೇ ಹೇಳಬೇಕು."

"ನಮ್ಮ ಮನೆ ಮಾಲೀಕನಿಗೆ ಮಾತ್ರ ಇದನ್ನ ಹೇಳಬ್ಯಾಡಪ್ಪಾ," ಅಂದೆ ನಾನು. "ನಾಳೆನೇ ಈ ಪಡಸಾಲೆ ನಡುವೆ ಗೋಡೆ ಎಬ್ಬಿಸಿಯಾನು."

ಶಿವು ನಕ್ಕ. ಆಮೇಲೆ ಗೋಡೆ ಎಬ್ಬಿಸುವ ಮೊದಲು ಮನೆ ಪೂರ್ತಿ ಖಾಲಿಯಾಗಬೇಕು, ಒಳಗಿನದೆಲ್ಲ ಅಳಿಸಿಹೋಗುತ್ತದೆ, ಅದಕ್ಕೇ ಹಾಲಪ್ಪನವರ ಲೆಕ್ಕವನ್ನೆಲ್ಲ ಮೊದಲೇ ಫ್ಲಾಪಿಗಳಿಗೆ ತೆಗೆದಿಟ್ಟುಕೊಳ್ಳಬೇಕು ಅಂದ.

"ಬಟ್ಟೆಗೆ ಕತ್ತರಿ ಹಾಕಿದಂಗೆ ಅನ್ನು," ಅಂದೆ. "ಹಾಕಿದ ಮ್ಯಾಲೆ ಹಿಂದೆ ಬರಂಗಿಲ್ಲ."

"ಹೂಂ, ಹಂಗೇ! ನಿನಗೂ ಒಂದು ಚೂರು ತಲೆ ಐತೆ ಬಿಡಕ್ಕಾ."

ಅದು ಅವನ ರೀತಿಯ ಹೊಗಳಿಕೆ. ಸಾಮಾನ್ಯವಾಗಿ ನಾನು ಏನಾದರೂ ಕೇಳಿದರೆ "ನಿನಗೇನು ತಿಳೀತದೆ ಬಿಡು" ಎಂದು ಮುಗಿಸಿಬಿಡುವನು. ಅವತ್ತಿನ ಆ ಒಂದು ಮಾತನ್ನು ನಾನು ಕೆಲವು ದಿನ ಮನಸ್ಸಿನಲ್ಲೇ ಇಟ್ಟುಕೊಂಡು ಓಡಾಡಿದೆ. ಮುಂದೆ ನಾನು ಬಾಯಿ ಬಿಡದೆ ಕೂತದ್ದಕ್ಕೆ ಅದೂ ಒಂದು ಕಾರಣ ಎಂದು ಈಗ ತೋರುತ್ತದೆ.

ಶಿವುನ ಗೆಳೆಯ ಅನ್ವರ್. ಹೈಸ್ಕೂಲಿನಿಂದ ಇಬ್ಬರೂ ಜೊತೆ. ಅನ್ವರನ ತಂದೆಗೆ ಹಳೇ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಅನ್ವರ್ ಆಗ ವಿದ್ಯಾನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ಕಲಿಸುತ್ತಿದ್ದ. ಅವರ ಮನೆಯಲ್ಲಿ ಅಂಗಡಿ ಬಿಟ್ಟು ಬೇರೆ ನೌಕರಿ ಹಿಡಿದವನು ಅವನೇ ಮೊದಲು. ಅವನ ತಂದೆ ಬಂದ ಗಿರಾಕಿಗಳಿಗೆಲ್ಲ "ನಮ್ಮ ಹುಡುಗ ಕಂಪ್ಯೂಟರ್ ಮೇಷ್ಟ್ರು" ಎಂದು ಹೇಳುತ್ತಿದ್ದರು. ನಮ್ಮ ಮನೆಗೆ ಬಂದರೆ ಅನ್ವರ್ ಅವ್ವ ಕೊಟ್ಟ ಮಂಡಕ್ಕಿ ತಿನ್ನುತ್ತಾ ಬಾಗಿಲಲ್ಲೇ ಕೂರುವನು.

ಆ ವಾರ ಬಂದಾಗ ಅವ್ವ ಕಾಲಿಗೆ ಅರಿಷಿಣ ಮೆತ್ತಿಕೊಂಡು ಕೂತಿದ್ದಳು. ನನ್ನ ಕೈಯಿಂದ ಬಿದ್ದ ಸೂಜಿ ಚುಚ್ಚಿತ್ತು. ಮಾರನೇ ದಿನ ಅವನು ಅಂಗಡಿಯಿಂದ ಒಂದು ಸೂಜಿಗಲ್ಲು ತಂದುಕೊಟ್ಟ. ಕೆಟ್ಟ ಸ್ಪೀಕರಿನಿಂದ ತೆಗೆದದ್ದು, ಕಪ್ಪಗೆ, ದುಂಡಗೆ, ನಡುವೆ ತೂತು, ಕೋಡುಬಳೆಯ ಹಾಗೆ. ನೆಲದ ಮೇಲೆ ಒಂದು ಸಲ ಆಡಿಸಿದರೆ ಬಿದ್ದ ಸೂಜಿ, ಗುಂಡುಪಿನ್ನು ಎಲ್ಲ ಬಂದು ಅಂಟಿಕೊಳ್ಳುತ್ತಿದ್ದವು.

"ಜೋಪಾನ ಅಕ್ಕಾ, ಭಾರೀ ಜೋರೈತೆ ಇದು," ಅಂದ. "ಕತ್ತರಿನೂ ಎಳೀತದೆ."

ನಾನು ಅದನ್ನು ಮಿಷಿನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡೆ. ಶಿವು ಆಗ ಹರಿಹರದಲ್ಲಿದ್ದ. ಅವನಿಗೆ ಇದು ಹೇಳುವಂಥ ಸಂಗತಿ ಎಂದು ನನಗೆ ಅನ್ನಿಸಲೂ ಇಲ್ಲ.

ಶನಿವಾರ ಸಂಜೆ ಶಿವು, ಅನ್ವರ್ ಇಬ್ಬರೂ ಎರಡು ಕಟ್ಟು ಫ್ಲಾಪಿ ಹಿಡಿದು ಬಂದರು. ಅಂಗೈಗಿಂತ ದೊಡ್ಡದಾದ, ಚೌಕನೆಯ, ತೆಳ್ಳಗಿನ ಕಪ್ಪು ಬಿಲ್ಲೆಗಳು. ಪ್ರತಿಯೊಂದಕ್ಕೂ ಬಿಳಿ ಕಾಗದದ ಕವರು. ಒಂದು ಕಟ್ಟಿನಲ್ಲಿ ಹೊಸ ಬಾಡಿಗೆದಾರ ಯುನಿಕ್ಸ್, ಕಂಪ್ಯೂಟರ್ ಕೊಟ್ಟ ಕಂಪನಿಯವರಿಂದ ತರಿಸಿದ್ದು. ಇನ್ನೊಂದರಲ್ಲಿ ಹಾಲಪ್ಪನವರ ಲೆಕ್ಕವೆಲ್ಲ. ಕತ್ತರಿ ಹಾಕುವ ಮೊದಲು ಬೇರೊಂದು ಯಂತ್ರದಲ್ಲಿ ಓದಿಸಿ ನೋಡಿದರೆ ಧೈರ್ಯ ಎಂದು ಶಿವು ಕೇಳಿಕೊಂಡಿದ್ದಕ್ಕೆ, ಅನ್ವರ್ ತನ್ನ ಕೇಂದ್ರದ ಮಾಲೀಕರಿಗೆ ಹೇಳದೆ, ತರಗತಿ ಮುಗಿದ ಮೇಲೆ ಎಲ್ಲವನ್ನೂ ಅಲ್ಲಿ ಹಾಕಿ ನೋಡಿದ್ದ. ಎಲ್ಲ ಸರಿಯಾಗಿತ್ತು.

ಮಾರನೇ ದಿನ ಲೋಕಿಕೆರೆಯಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ನಿಶ್ಚಿತಾರ್ಥ. ಅವ್ವ, ಶಿವು ಹೊರಟರು. ನನಗೆ ಹೊಲಿಗೆ ರಾಶಿ ಬಿದ್ದಿತ್ತು, ಉಳಿದೆ. ಹೋಗುವಾಗ ಶಿವು ಮತ್ತೆ ಮತ್ತೆ ಹೇಳಿದ: "ಅಕ್ಕಾ, ಅವನ್ನ ಮಡಚಬ್ಯಾಡ. ನೀರು ತಾಗಬಾರದು. ಬಿಸಿಲಿಗೆ ಇಡಬ್ಯಾಡ. ಆ ಕಂಡಿ ಐತಲ್ಲ, ಅಲ್ಲಿ ಬೊಟ್ಟು ಮುಟ್ಟಿಸಬ್ಯಾಡ."

"ಇನ್ನೇನು, ಆರತಿ ಎತ್ತಲೇನು?" ಅಂದೆ.

"ಎತ್ತು, ದೂರದಿಂದ."

ಫ್ಲಾಪಿ ಕಟ್ಟುಗಳು ಕತ್ತರಿಸುವ ಮೇಜಿನ ತುದಿಯಲ್ಲಿದ್ದವು. ನನಗೆ ಮೇಜು ಬೇಕಾಗಿತ್ತು. ಎತ್ತುವ ಮುಂಚೆ ಒಂದು ಕವರಿನ ಹಿಂಬದಿ ನೋಡಿದೆ. ಅಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು, ಜೊತೆಗೆ ಸಣ್ಣ ಸಣ್ಣ ಚಿತ್ರ. ಒಂದರಲ್ಲಿ ಕೈಬೆರಳು, ಅದರ ಮೇಲೆ ಅಡ್ಡಗೆರೆ. ಒಂದರಲ್ಲಿ ಬಗ್ಗಿದ ಬಿಲ್ಲೆ, ಒಂದರಲ್ಲಿ ಸೂರ್ಯ. ಶಿವು ಹೇಳಿದ್ದೇ. ಇನ್ನೊಂದು ಚಿತ್ರ ಮಾತ್ರ ಅವನು ಹೇಳಿದ್ದರಲ್ಲಿ ಇರಲಿಲ್ಲ. ಅದು ಕುದುರೆಯ ಲಾಳ. ಅದರ ಮೇಲೂ ಅಡ್ಡಗೆರೆ.

ಟಾಂಗಾ ಕುದುರೆಗೆ ಲಾಳ ಹೊಡೆಯುವುದನ್ನು ನಾನು ಚಿಕ್ಕವಳಿದ್ದಾಗ ನಿಂತು ನೋಡುತ್ತಿದ್ದೆ. ಲಾಳವೆಂದರೆ ಕಾಲಿಗೆ ಹಾಕುವುದು. ಅಂದರೆ ಇದನ್ನು ಕಾಲಡಿ ಬೀಳಿಸಬಾರದು, ತುಳಿಯಬಾರದು ಎಂದು ಅರ್ಥ ಮಾಡಿಕೊಂಡೆ. ಇಂಗ್ಲಿಷ್ ಬಾರದವಳಾದರೂ ಚಿತ್ರ ನೋಡಿ ತಿಳಿದುಕೊಂಡೆನಲ್ಲ ಎಂದು ಒಳಗೊಳಗೇ ಖುಷಿಯಾಯಿತು. ಎರಡೂ ಕಟ್ಟನ್ನು ಎತ್ತಿ ಗೋಡೆಯ ಹಲಗೆಯ ಮೇಲೆ, ಕೈಗೆ ಸಿಗುವ ಎತ್ತರದಲ್ಲಿ, ಪಕ್ಕ ಪಕ್ಕ ಇಟ್ಟೆ.

ಫ್ಯಾನ್ ಹಾಕಿದರೆ ಮೇಲಿನ ಕವರುಗಳು ಪಟಪಟ ಎನ್ನತೊಡಗಿದವು. ಹಾರಿ ಕೆಳಗೆ ಬಿದ್ದರೆ, ನಾನು ನೋಡದೆ ತುಳಿದರೆ? ಆ ಲಾಳದ ಚಿತ್ರ ಕಣ್ಣ ಮುಂದೆ ಬಂತು. ಮೇಲೆ ಭಾರಕ್ಕೆ ಏನಾದರೂ ಇಡೋಣವೆಂದು ಡ್ರಾಯರ್ ಎಳೆದೆ. ಸೂಜಿಗಲ್ಲು ಸಿಕ್ಕಿತು. ಅದನ್ನು ಒಂದು ಕಟ್ಟಿನ ಮೇಲೆ ಇಟ್ಟೆ. ಇನ್ನೊಂದು ಕಟ್ಟಿನ ಕವರು ಎದ್ದರೆ ಅದರ ಮೇಲಕ್ಕೆ ಸರಿಸಿದೆ. ಸೂಜಿ ಬಿದ್ದರೆ ತೆಗೆದುಕೊಂಡು ನೆಲದ ಮೇಲೆ ಆಡಿಸಿದೆ, ಮತ್ತೆ ಅಲ್ಲೇ ಇಟ್ಟೆ. ಇಡೀ ದಿನ ಹೀಗೇ ನಡೆಯಿತು. ಸಂಜೆ ಅವರು ಬರುವ ಹೊತ್ತಿಗೆ ಮಿಷಿನ್ ಒರೆಸಿ ಸೂಜಿಗಲ್ಲನ್ನು ಮೇಜಿನ ಮೇಲೆ ಕತ್ತರಿಯ ಪಕ್ಕ ಇಟ್ಟು, ಕಟ್ಟುಗಳನ್ನು ಶಿವುನ ಕೈಗೆ ಕೊಟ್ಟೆ.

"ನೋಡು, ಒಂದು ಗೆರೆ ಇಲ್ಲದಂಗೆ ಕಾದೀನಿ," ಅಂದೆ.

ಸೋಮವಾರ ಬೆಳಿಗ್ಗೆ ಅವನು ವಿಭೂತಿ ಹಚ್ಚಿಕೊಂಡು, ಕಟ್ಟುಗಳನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹರಿಹರದ ಬಸ್ಸಿಗೆ ಹೋದ.

ಸಂಜೆ ಬಂದವನು ಚಪ್ಪಲಿ ಬಿಡಲಿಲ್ಲ. ಹೊಸ್ತಿಲ ಮೇಲೆ ಕೂತ. ಅವ್ವ ನೀರು ಕೊಟ್ಟರೆ ಲೋಟ ಕೈಯಲ್ಲೇ ಹಿಡಿದುಕೊಂಡಿದ್ದ. ಹಾಗೇ ನಡೆದದ್ದನ್ನು ಹೇಳಿದ. ಬೆಳಿಗ್ಗೆ ಮ್ಯಾನೇಜರ ಎದುರಿಗೇ ಡಾಸನ್ನು ಖಾಲಿ ಮಾಡಿಸಿದ್ದ. ನಡುವೆ ಗೋಡೆ ಎಬ್ಬಿಸಿದ್ದ. ಆಮೇಲೆ ಯುನಿಕ್ಸಿನ ಮೊದಲನೇ ಫ್ಲಾಪಿ ಹಾಕಿದರೆ ಓದಲು ಆಗುವುದಿಲ್ಲ ಎಂದು ಬಂತು. ಎರಡನೆಯದೂ ಹಾಗೇ. ಹೋಗಲಿ, ಹಾಲಪ್ಪನವರ ಲೆಕ್ಕವನ್ನಾದರೂ ಮೊದಲಿನ ಹಾಗೆ ಇಡೋಣ ಎಂದು ಆ ಕಟ್ಟು ಬಿಚ್ಚಿದರೆ ಅದೂ ಇಲ್ಲ.

"ಎರಡು ಕೋಣೆ ಅದಾವೆ. ಒಳಗೆ ಒಂದು ನರಪಿಳ್ಳೆ ಇಲ್ಲ," ಅಂದ.

"ಮ್ಯಾನೇಜರು ಏನಂದ್ರೋ?" ಅಂದಳು ಅವ್ವ.

"ನಾಳೆ ಬಾ, ಮಾತಾಡೋಣ ಅಂದ್ರು. ಅಷ್ಟೇ. ಹಾಲಪ್ಪನವರು ನನ್ನ ಕಡೆ ತಿರುಗಿನೂ ನೋಡ್ಲಿಲ್ಲ."

ಅಷ್ಟರಲ್ಲಿ ಅನ್ವರ್ ಬಂದ. ಎರಡೂ ಸಿಸ್ಟಮ್ ಎದ್ದು ನಿಂತಿರುತ್ತವೆ, ಸುದ್ದಿ ಕೇಳೋಣ ಎಂದು ನಗುತ್ತಲೇ ಬಂದಿದ್ದ. ಶಿವು ಎದ್ದು ನಿಂತ.

"ಏನು ಮಾಡಿದ್ಯೋ ನನ್ನ ಫ್ಲಾಪಿಗೆ?"

"ನಾನೇನು ಮಾಡ್ಲೋ? ನಿನ್ನ ಎದುರಿಗೇ ಓದಿಸಿದ್ನಲ್ಲ. ಎಲ್ಲಾ ಓದ್ತಲ್ಲ."

"ಓದಿದ ಮ್ಯಾಲೆ? ಬರೋ ದಾರಿಯಾಗೆ ನಿಮ್ಮ ಅಂಗಡಿಗೆ ಯಾಕ ಹೋಗಿದ್ದೆ?"

"ಅಬ್ಬಾಗೆ ಚಾವಿ ಕೊಡೋದಿತ್ತು. ನೀನೂ ಇದ್ದೆಲ್ಲ ಜೊತೆಗೆ. ಸೈಕಲ್ಲಿಂದ ಕೆಳಗೂ ಇಳೀಲಿಲ್ಲ ನಾನು."

"ಚೀಲ ನಿನ್ನ ಹೆಗಲಿಗಿತ್ತಲ್ಲ! ನಿಮ್ಮ ಅಂಗಡಿ ಬಾಗಿಲಿಗೇ ಸ್ಪೀಕರ್ ಪೇರಿಸಿಟ್ಟಾರೆ. ಕಂಪ್ಯೂಟರ್ ಕಲಿಸೋನು ನೀನು, ಇದು ಕಾಣಲ್ಲೇನು?" ಶಿವು ಚೀಲದಿಂದ ಒಂದು ಕವರು ಎಳೆದು ಅವನ ಮುಖದ ಮುಂದೆ ಹಿಡಿದ. ಅವನ ಬೆರಳು ಲಾಳದ ಚಿತ್ರದ ಮೇಲಿತ್ತು. "ಮ್ಯಾಗ್ನೆಟ್ ಹತ್ರ ಒಯ್ಯಬ್ಯಾಡ್ರಿ ಅಂತ ಚಿತ್ರ ಬರೆದು ಹೇಳ್ಯಾರೆ. ಎಲ್ಲಾ ಅಳಿಸಿ ಹೋತು."

ಲಾಳವಲ್ಲ ಅದು. ಸೂಜಿಗಲ್ಲನ್ನು ಹಾಗೆ ಬರೆಯುತ್ತಾರಂತೆ. ದುಂಡಗಿನದನ್ನು ಬಿಟ್ಟರೆ ಬೇರೆ ಆಕಾರದ್ದು ನಾನು ನೋಡಿರಲಿಲ್ಲ. ಆ ಪಾಠ ಬರುವ ಮೊದಲೇ ನಾನು ಶಾಲೆ ಬಿಟ್ಟಿದ್ದೆ.

ಸೂಜಿಗಲ್ಲು ನನ್ನ ಮುಂದೆ ಮೇಜಿನ ಮೇಲೇ ಇತ್ತು. ಗುಂಡುಪಿನ್ನುಗಳು ಅಂಟಿಕೊಂಡು ಮುಳ್ಳಿನ ಹಾಗೆ ನಿಂತಿದ್ದವು. ನನ್ನ ಕೈ ತಾನಾಗಿಯೇ ಎಂಬಂತೆ ಪಕ್ಕದಲ್ಲಿದ್ದ ರವಿಕೆ ಬಟ್ಟೆಯನ್ನು ಅದರ ಮೇಲೆ ಎಳೆಯಿತು. ತಾನಾಗಿಯೇ ಎಂದು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ, ನಾನೇ ಎಳೆದೆ.

ತಲೆ ಎತ್ತಿದಾಗ ಅನ್ವರ್ ನನ್ನ ಕಡೆ ನೋಡುತ್ತಿದ್ದ. ಒಂದು ಕ್ಷಣ ಏನೋ ಹೇಳುವವನಂತೆ ಕಂಡ. ಆಮೇಲೆ ಶಿವುನ ಕಡೆ ತಿರುಗಿ, "ನಿನಗೆ ಹಂಗೆ ಅನ್ನಿಸಿದ್ರೆ ಹಂಗೇ ಇರಲಿ," ಎಂದಷ್ಟೇ ಹೇಳಿ ಹೋದ. ಅವ್ವ ಕೈಯಲ್ಲಿ ಮಂಡಕ್ಕಿ ತಟ್ಟೆ ಹಿಡಿದು ನಿಂತಿದ್ದಳು.

ಮಾರನೇ ದಿನ ಶಿವು ಮ್ಯಾನೇಜರಿಗೆ ತಾನು ನಂಬಿದ್ದನ್ನೇ ಹೇಳಿದ. ಫ್ಲಾಪಿಗಳು ಕೆಟ್ಟದ್ದು ತನ್ನಿಂದಲ್ಲ, ದಾವಣಗೆರೆಯ ಗೆಳೆಯನ ಕೈಯಲ್ಲಿ. ಅವನು ಸುಳ್ಳು ಹೇಳಲಿಲ್ಲ. ನಿಜ ಏನೆಂದು ಅವನಿಗೆ ಹೇಳಬಹುದಾಗಿದ್ದವಳು ನಾನು. ಬೆಳಿಗ್ಗೆ ಅವನು ಹೊರಟಾಗ ಬಾಗಿಲವರೆಗೆ ಹೋದೆ. "ಶಿವೂ," ಅಂದೆ. "ಏನಕ್ಕಾ?" ಅಂದ. "ಬುತ್ತಿ ಮರೀಬ್ಯಾಡ," ಅಂದೆ.

ಕಾರ್ಖಾನೆಯಿಂದ ಕೇಂದ್ರದ ಮಾಲೀಕರಿಗೆ ಫೋನ್ ಹೋಯಿತು. ಹೊರಗಿನ ಫ್ಲಾಪಿಗಳನ್ನು ಹೇಳದೆ ಕೇಳದೆ ಕೇಂದ್ರದ ಯಂತ್ರಕ್ಕೆ ಹಾಕಿದನೆಂದು ಅವರು ಅನ್ವರನನ್ನು ಕೆಲಸದಿಂದ ತೆಗೆದರು. ಹಾಲಪ್ಪನವರು ಹಳೆಯ ಕಾಗದಗಳನ್ನು ಮುಂದಿಟ್ಟುಕೊಂಡು ಗೊಣಗುತ್ತಾ ಪಗಾರದ ಲೆಕ್ಕವನ್ನೆಲ್ಲ ಮತ್ತೆ ಕೂತು ಟೈಪು ಹೊಡೆದರು. ಕಂಪನಿಯವರು ಬೇರೆ ಫ್ಲಾಪಿ ಕಳಿಸಿದರು. ಈ ಸಲ ಶಿವು ಅವನ್ನು ಮನೆಗೆ ತರಲಿಲ್ಲ. ಸಂಕ್ರಾಂತಿ ಹೊತ್ತಿಗೆ ಎರಡೂ ಸಿಸ್ಟಮ್ ನಡೆಯತೊಡಗಿದವು, ಅವನು ಕಾಯಂ ಆದ.

ಆ ಕಂಪ್ಯೂಟರಿಗೆ ಧೂಳು ಕೂರದಂತೆ ಬಟ್ಟೆಯ ಹೊದಿಕೆ ಬೇಕೆಂದಾಗ ಶಿವು ನನ್ನ ಹೆಸರನ್ನೇ ಹೇಳಿದ. ಅಳತೆ ತೆಗೆದುಕೊಳ್ಳಲು ಹರಿಹರಕ್ಕೆ ಹೋದೆ. ಹೊರಗೆ ಚಪ್ಪಲಿ ಬಿಟ್ಟು ತಂಪು ಕೋಣೆಗೆ ಕಾಲಿಟ್ಟೆ. ಅಳತೆಯ ಟೇಪು ಬಿಟ್ಟು ಬೇರೇನೂ ನನ್ನ ಹತ್ತಿರ ಇರಲಿಲ್ಲ. ಆದರೂ ಬಾಗಿಲಲ್ಲಿ ಒಮ್ಮೆ ಸೆರಗು ಝಾಡಿಸಿಕೊಂಡೆ.

"ಅಕ್ಕಾ, ನೀನೇ ಒಬ್ಬನ್ನ ಎಬ್ಬಿಸು ಬಾ," ಎಂದು ಶಿವು ಯಂತ್ರ ಚಾಲು ಮಾಡಿದ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಬಂದು ನಿಂತಿತು. ಸುಮ್ಮನೆ ಒಂದು ಗುಂಡಿ ಒತ್ತಿದರೆ ಯುನಿಕ್ಸ್ ಏಳುತ್ತದೆ. ಡಾಸ್ ಬೇಕಾದರೆ ಮೂರಕ್ಷರ ಒತ್ತಬೇಕು. ಅವನು ತೋರಿಸಿದ ಅಕ್ಷರಗಳನ್ನು ಹುಡುಕಿ ಹುಡುಕಿ ಒತ್ತಿದೆ. ಡಾಸ್ ಎದ್ದಿತು. ಹಾಲಪ್ಪನವರು, "ನಿಮ್ಮಕ್ಕನೇ ವಾಸಿ ಬಿಡಪ್ಪಾ, ಮುರೀದಂಗೆ ಎಬ್ಬಿಸಿದ್ರು," ಅಂದರು. ಎಲ್ಲರೂ ನಕ್ಕರು. ನಾನು ಬಗ್ಗಿ ಅಳತೆ ತೆಗೆದುಕೊಂಡೆ.

ಯುಗಾದಿಗೆ ಮುಂಚೆ ಒಂದು ದಿನ ಸೂಜಿಗಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅನ್ವರನ ಅಂಗಡಿಗೆ ಹೋದೆ. ಅವನ ತಂದೆ ನಮಾಜಿಗೆ ಹೋಗಿದ್ದರು. ಅನ್ವರ್ ಒಂದು ಟ್ರಾನ್ಸಿಸ್ಟರ್ ಬಿಚ್ಚಿಕೊಂಡು ಕೂತಿದ್ದ.

"ಬರ್ರಿ ಅಕ್ಕಾ, ಕೂಡ್ರಿ. ರೇಡಿಯೋ ಕೆಟ್ಟೈತೇನು?"

ನಾನು ಸೂಜಿಗಲ್ಲನ್ನು ಅವನ ಮುಂದೆ ಇಟ್ಟೆ. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅದೊಂದೂ ನೆನಪಿಗೆ ಬರಲಿಲ್ಲ. "ಆ ಭಾನುವಾರ ಇದನ್ನ ಫ್ಲಾಪಿ ಮ್ಯಾಲೆ ಇಟ್ಟಿದ್ದೆ ಅನ್ವರ್," ಅಂದೆ. "ಹಾರಿ ಹೋಗಬಾರದು ಅಂತ."

ಅವನು ಬೆಸುಗೆ ಹಾಕುವ ಕಡ್ಡಿಯನ್ನು ಅದರ ಸ್ಟ್ಯಾಂಡಿಗೆ ಸಿಕ್ಕಿಸಿದ.

"ನೀವು ಬಟ್ಟೆ ಎಳೆದಿದ್ದು ನೋಡಿದ್ನಿ ಅಕ್ಕಾ."

"ಮತ್ತೆ ಯಾಕ ಹೇಳ್ಲಿಲ್ಲಪ್ಪಾ?"

"ಕೊಟ್ಟೋನು ನಾನು. ಕೊಡುವಾಗ ಕತ್ತರಿ ಎಳೀತದೆ ಅಂದೆ, ಫ್ಲಾಪಿ ಹತ್ರ ಇಡಬ್ಯಾಡ್ರಿ ಅಂತ ಒಂದು ಮಾತು ಹೇಳ್ಲಿಲ್ಲ. ಅವತ್ತು ನಾನು ಬಾಯಿ ಬಿಟ್ಟಿದ್ರೆ ಅವನು ನಂಬ್ತಿರಲಿಲ್ಲ, ಅಕ್ಕನ ಮ್ಯಾಲೆ ಹಾಕ್ತಾನೆ ಅಂತಿದ್ದ." ಟ್ರಾನ್ಸಿಸ್ಟರನ್ನು ಪಕ್ಕಕ್ಕೆ ಸರಿಸಿದ. "ನೀವೇ ಹೇಳ್ತೀರಿ ಅಂತ ಕಾದೆ. ಅಬ್ಬಾ ದಿನಾ ಕೇಳೋರು, ಯಾಕ ತೆಗೆದ್ರು ನಿನ್ನ ಅಂತ. ಆಮೇಲೆ ಕಾಯೋದು ಬಿಟ್ಟೆ."

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ತಪ್ಪಾತು," ಅಂದೆ.

"ನನಗ್ಯಾಕ ಹೇಳ್ತೀರಿ ಅಕ್ಕಾ? ನನಗೆ ಗೊತ್ತಿತ್ತಲ್ಲ. ಗೊತ್ತಿಲ್ಲದೋನು ನಿಮ್ಮ ಮನೇಲಿ ಅದಾನೆ."

ಎದ್ದು ನಿಂತೆ. ಅವನು ಸೂಜಿಗಲ್ಲನ್ನು ಅದೇ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. "ಇದನ್ನ ಒಯ್ರಿ. ಅಮ್ಮಾರ ಕಾಲಿಗೆ ಮತ್ತೆ ಸೂಜಿ ಚುಚ್ಚೀತು," ಅಂದ.

ಅವತ್ತೇ ಶಿವುಗೆ ಹೇಳಬೇಕೆಂದು ಮನೆಗೆ ಬಂದೆ. ಅವನು ಕಾಯಂ ಆದ ಮೇಲಿನ ಮೊದಲ ಯುಗಾದಿಯೆಂದು ಅವ್ವನಿಗೆ ಸೀರೆ ತಂದಿದ್ದ. ಇವತ್ತು ಬೇಡ ಅನ್ನಿಸಿತು. ಆಮೇಲೆ ಅವನ ಮದುವೆ ಬಂತು, ಹರಿಹರದಲ್ಲಿ ಮನೆ ಮಾಡಿದ. ಪ್ರತಿ ಸಲವೂ ಇವತ್ತು ಬೇಡ ಅನ್ನಿಸಲು ಒಂದು ಕಾರಣ ಸಿಕ್ಕಿತು. ಅವನೂ ಅನ್ವರನೂ ಪೇಟೆಯಲ್ಲಿ ಎದುರಾದರೆ ತಲೆ ಆಡಿಸಿ ಮುಂದೆ ಹೋಗುತ್ತಾರೆ. ನಿಂತು ಮಾತಾಡಿದ್ದನ್ನು ನಾನು ಕಂಡಿಲ್ಲ. ಅನ್ವರ್ ಈಗ ತಂದೆಯ ಅಂಗಡಿಯನ್ನೇ ನಡೆಸುತ್ತಾನೆ. ನನ್ನ ರೇಡಿಯೋ ಕೆಟ್ಟರೆ ಅವನಲ್ಲಿಗೇ ಒಯ್ಯುತ್ತೇನೆ. ಆ ವಿಷಯ ಅವನು ಮತ್ತೆ ಎತ್ತಿಲ್ಲ.

ಚಿತ್ರ ನೋಡಿ ತಪ್ಪು ತಿಳಿದುಕೊಂಡದ್ದಕ್ಕೆ ನನಗೆ ನಾಚಿಕೆಯಿಲ್ಲ. ಯಾರಿಗಾದರೂ ಆಗಬಹುದಾದದ್ದು. ಬಟ್ಟೆ ಎಳೆದದ್ದು ಹಾಗಲ್ಲ. ನನಗೂ ತಲೆ ಇದೆ ಎಂದು ತಮ್ಮ ಅಂದುಕೊಂಡಿರಲಿ ಎಂಬ ಆಸೆಗೆ ಇನ್ನೊಬ್ಬನ ಕೆಲಸ ಹೋಗಲು ಬಿಟ್ಟೆ.

ಶಿವು ತಿಂಗಳಿಗೊಂದು ಭಾನುವಾರ ಅವ್ವನನ್ನು ನೋಡಲು ಬರುತ್ತಾನೆ. ಅವನ ದನಿ ಬಾಗಿಲಲ್ಲಿ ಕೇಳಿದ ಕೂಡಲೇ ಸೂಜಿಗಲ್ಲನ್ನು ಮೇಜಿನಿಂದ ತೆಗೆದು ಡ್ರಾಯರಿಗೆ ಹಾಕುವುದು ನನಗೆ ರೂಢಿಯಾಗಿಬಿಟ್ಟಿದೆ. ಬರುವ ಭಾನುವಾರ ಬರುತ್ತೇನೆಂದು ಹೇಳಿ ಕಳಿಸಿದ್ದಾನೆ. ಡ್ರಾಯರಿನಲ್ಲಿ ನೂಲಿನ ಉಂಡೆಗಳನ್ನು ತುಂಬಿಟ್ಟಿದ್ದೇನೆ. ಈ ಸಲ ಸೂಜಿಗಲ್ಲಿಗೆ ಅದರಲ್ಲಿ ಜಾಗವಿಲ್ಲ.